ಬದುಕಿನ ಕಾಲ ಬದಲಾದಾಗ ದೇವರನ್ನು ನಂಬಿ ನಡೆಯುವುದು ಹೇಗೆ? ರೂತಳ ಕಥೆಯಿಂದ ಹಂತ ಹಂತವಾಗಿ

"ದೇವರ ಚಿತ್ತ ಏನು ಅಂತ ನನಗೆ ಹೇಗೆ ಗೊತ್ತಾಗಬೇಕು?" ಪ್ರಾರ್ಥನಾ ಕೂಟ ಮುಗಿದು ಕಾಫಿ ಕುಡಿಯುವಾಗ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಸುಮ್ನೆ ಕೇಳುವುದಿಲ್ಲ. ಒಬ್ಬರಿಗೆ ಕೆಲಸ ಹೋಗಿರುತ್ತದೆ. ಒಬ್ಬರ ಮಗಳು ಮದುವೆಯಾಗಿ ದೂರದ ದೇಶಕ್ಕೆ ಹೊರಟಿರುತ್ತಾಳೆ. ಇನ್ನೊಬ್ಬರು ಗಂಡನನ್ನು ಮಣ್ಣು ಮಾಡಿ ವರ್ಷವೂ ತುಂಬಿರುವುದಿಲ್ಲ. ನಿನ್ನೆಯವರೆಗೆ ಕಣ್ಣು ಮುಚ್ಚಿ ನಡೆಯುತ್ತಿದ್ದ ದಾರಿ ಇವತ್ತು ಇಲ್ಲ. ಹೊಸ ದಾರಿ ಇನ್ನೂ ಕಾಣುತ್ತಿಲ್ಲ.

ಇಂಥವರ ಜೊತೆ ಕೂತು ಓದಲು ನಾನು ಆರಿಸುವುದು ಸತ್ಯವೇದದ (ಬೈಬಲಿನ) ರೂತಳ ಪುಸ್ತಕವನ್ನೇ. ನಾಲ್ಕೇ ಅಧ್ಯಾಯ, 85 ವಚನ. ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಇದನ್ನೇ ಆರಿಸಲು ಒಂದು ಕಾರಣವಿದೆ. ಮೋಶೆಗೆ ಉರಿಯುವ ಪೊದೆ ಕಂಡಿತು, ಯೋಸೇಫನಿಗೆ ಕನಸು ಬಿತ್ತು, ಸಮುವೇಲನನ್ನು ದೇವರು ಹೆಸರು ಹಿಡಿದು ಕರೆದ. ರೂತಳಿಗೆ ಇದ್ಯಾವುದೂ ಇಲ್ಲ. ದೇವದೂತ ಬರುವುದಿಲ್ಲ, ಪ್ರವಾದಿ ಬರುವುದಿಲ್ಲ, ಕನಸೂ ಇಲ್ಲ. ಎಲ್ಲರ ಬಾಯಲ್ಲೂ ದೇವರ ಹೆಸರಿದೆ, ಆದರೆ ದೇವರು ಇಂಥದ್ದನ್ನು ಮಾಡಿದ ಅಂತ ಕಥೆ ನೇರವಾಗಿ ಹೇಳುವುದು ಎರಡೇ ಕಡೆ. ಒಮ್ಮೆ ಬರ ಕಳೆದು ಜನರಿಗೆ ಆಹಾರ ಸಿಕ್ಕಾಗ, ಇನ್ನೊಮ್ಮೆ ಕೊನೆಯಲ್ಲಿ ಮಗು ಹುಟ್ಟುವಾಗ. ನಡುವಿನದೆಲ್ಲ ಹೊಲ, ಕಣ, ಅತ್ತೆ, ಸೊಸೆ, ಊರ ಹಿರಿಯರು. ನಮ್ಮ ಬದುಕೂ ಹೀಗೇ ಅಲ್ವಾ? ದೇವರು ನಡೆಸುತ್ತಾನೆ ಅಂತ ನಾನು ನಂಬುತ್ತೇನೆ. ಬಹುತೇಕ ಸಲ ದನಿಯೇ ಇಲ್ಲದೆ ನಡೆಸುತ್ತಾನೆ ಅಂತಲೂ ನಂಬುತ್ತೇನೆ. ಹಾಗೆ ದನಿಯಿಲ್ಲದೆ ನಡೆಸುವವನ ಹಿಂದೆ ನಡೆಯುವುದು ಹೇಗೆ ಅನ್ನುವುದೇ ಈ ಬರಹ.

ಮೊದಲು ಕಥೆ, ಚುಟುಕಾಗಿ

ನ್ಯಾಯಸ್ಥಾಪಕರ ಕಾಲ, ಅಂದರೆ ಇಸ್ರಾಯೇಲಿಗೆ ಇನ್ನೂ ರಾಜರಿಲ್ಲದ ಕಾಲ. ಬೇತ್ಲೆಹೇಮಿನಲ್ಲಿ ಬರ ಬಿತ್ತು. ಎಲೀಮೆಲೆಕ ಹೆಂಡತಿ ನೊವೊಮಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಕರೆದುಕೊಂಡು ಮೃತಸಮುದ್ರದ ಆಚೆಗಿನ ಮೋವಾಬಿಗೆ ಗುಳೆ ಹೋದ. ಅಲ್ಲಿ ಅವನು ತೀರಿಕೊಂಡ. ಮಕ್ಕಳು ಮೋವಾಬಿನ ಹುಡುಗಿಯರಾದ ಒರ್ಫಾ ಮತ್ತು ರೂತಳನ್ನು ಮದುವೆಯಾದರು. ಸುಮಾರು ಹತ್ತು ವರ್ಷದಲ್ಲಿ ಆ ಇಬ್ಬರೂ ಸತ್ತರು. ಮೂವರು ವಿಧವೆಯರು ಉಳಿದರು. ಊರಿನಲ್ಲಿ ಬರ ಹೋಗಿದೆ ಅಂತ ಕೇಳಿ ನೊವೊಮಿ ಹಿಂದಕ್ಕೆ ಹೊರಟಳು. ಒರ್ಫಾ ತವರಿಗೆ ಹೋದಳು. ರೂತಳು ಅತ್ತೆಯ ಜೊತೆ ಬಂದಳು, ಹೊಲದಲ್ಲಿ ಬಿದ್ದ ತೆನೆ ಆಯ್ದಳು, ಎಲೀಮೆಲೆಕನ ನೆಂಟನಾದ ಬೋವಜ ಅವಳ ಕೈಹಿಡಿದ. ಅವರ ಮಗ ಓಬೇದ, ಓಬೇದನ ಮಗ ಇಷಯ, ಇಷಯನ ಮಗ ರಾಜ ದಾವೀದ.

ಇಷ್ಟು ಗೊತ್ತಿದ್ದರೆ ಸಾಕು. ಮುಂದಿನ ಹಂತಗಳಿಗೆ ಒಂದು ನೋಟ್‌ಬುಕ್, ಒಂದು ಪೆನ್ನು ಇಟ್ಟುಕೊಳ್ಳಿ.

1. ನೀವು ಯಾವ ಕಾಲದಲ್ಲಿದ್ದೀರಿ ಅಂತ ಗುರುತಿಸಿ

ಸತ್ಯವೇದದ ಪ್ರಸಂಗಿ ಪುಸ್ತಕದ ಮೂರನೇ ಅಧ್ಯಾಯ ಎಲ್ಲದಕ್ಕೂ ಒಂದು ಕಾಲ ಉಂಟು ಅಂತ ಶುರುವಾಗಿ 14 ಜೋಡಿಗಳನ್ನು ಹೇಳುತ್ತದೆ. ಹುಟ್ಟುವ ಕಾಲ, ಸಾಯುವ ಕಾಲ. ನೆಡುವ ಕಾಲ, ಕೀಳುವ ಕಾಲ. ಅಳುವ ಕಾಲ, ನಗುವ ಕಾಲ. ಅಳುವ ಕಾಲ ತಪ್ಪಾದ ಕಾಲ ಅಂತ ಅಲ್ಲೆಲ್ಲೂ ಬರೆದಿಲ್ಲ. ಅದೂ ಒಂದು ಕಾಲ, ಅಷ್ಟೇ.

ನಮ್ಮಲ್ಲಿ ಎಷ್ಟೋ ಗೊಂದಲ ಹುಟ್ಟುವುದು ಮುಗಿದುಹೋದ ಕಾಲದ ನಿಯಮಗಳನ್ನು ಹೊಸ ಕಾಲಕ್ಕೂ ಹಾಕುವುದರಿಂದ. ಮಗ ಮದುವೆಯಾದ ಮೇಲೂ ಅವನ ಸಂಬಳದ ಲೆಕ್ಕ ಕೇಳುವ ತಾಯಿ, ನಿವೃತ್ತಿಯಾದ ಮೇಲೂ ಮನೆಯಲ್ಲಿ ಆಫೀಸಿನ ದರ್ಬಾರು ನಡೆಸುವ ತಂದೆ. ಅವರ ಪ್ರೀತಿ ಸುಳ್ಳಲ್ಲ. ಕಾಲ ಬದಲಾದದ್ದನ್ನು ಅವರು ಇನ್ನೂ ಒಪ್ಪಿಕೊಂಡಿಲ್ಲ.

ನೋಟ್‌ಬುಕ್ಕಿನಲ್ಲಿ ಮೂರು ಸಾಲು ಬರೆಯಿರಿ. ಯಾವುದು ಮುಗಿದಿದೆ? ಯಾವುದು ಇನ್ನೂ ಶುರುವಾಗಿಲ್ಲ? ಯಾವುದು ಬದಲಾಗದೆ ಹಾಗೇ ಇದೆ? ನೊವೊಮಿ ಬರೆದಿದ್ದರೆ ಮೊದಲ ಸಾಲು ಉದ್ದವಾಗುತ್ತಿತ್ತು. ಗಂಡ ಇಲ್ಲ, ಮಕ್ಕಳಿಲ್ಲ, ಮೋವಾಬಿನ ಮನೆ ಇಲ್ಲ. ಮೂರನೇ ಸಾಲಿನಲ್ಲಿ ಬೇತ್ಲೆಹೇಮ್, ದೇವರು, ಪಕ್ಕದಲ್ಲಿ ನಡೆಯುತ್ತಿರುವ ಸೊಸೆ. ನಿಮ್ಮ ಮೂರನೇ ಸಾಲು ಚಿಕ್ಕದಾಗಿದ್ದರೂ ಪರವಾಗಿಲ್ಲ. ಖಾಲಿ ಅನ್ನಿಸಿದರೆ ನಿಮ್ಮನ್ನು ಚೆನ್ನಾಗಿ ಬಲ್ಲ ಒಬ್ಬರನ್ನು ಕೇಳಿ. ಊರ ಹೆಂಗಸರ ಮುಂದೆ ನಾನು ಬರಿಗೈಯಲ್ಲಿ ಬಂದೆ ಅಂತ ನೊವೊಮಿ ಹೇಳುವಾಗ ರೂತಳು ಅಲ್ಲೇ ನಿಂತಿದ್ದಳು. ದುಃಖದಲ್ಲಿ ಪಕ್ಕದಲ್ಲೇ ಇರುವುದೂ ಕಣ್ಣಿಗೆ ಬೀಳುವುದಿಲ್ಲ.

2. ದೂರನ್ನು ದೇವರ ಮುಂದೆಯೇ ಇಡಿ

ಇದು ಬಹಳ ಜನ ಬಿಟ್ಟುಬಿಡುವ ಹಂತ. ದೇವರನ್ನು ನಂಬುವವರು ಗೊಣಗಬಾರದು ಅಂತ ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಆದರೆ ನೊವೊಮಿ ಹೇಳಿದ್ದನ್ನು ನೋಡಿ. ಸರ್ವಶಕ್ತನು ನನ್ನ ಬದುಕನ್ನು ಕಹಿ ಮಾಡಿದ್ದಾನೆ, ತುಂಬಿಕೊಂಡು ಹೋದ ನನ್ನನ್ನು ಬರಿದಾಗಿ ಹಿಂದಕ್ಕೆ ತಂದಿದ್ದಾನೆ ಅನ್ನುತ್ತಾಳೆ. ಊರ ನಡುವೆ, ಎಲ್ಲರ ಮುಂದೆ. ಯಾರೂ ಅವಳನ್ನು ಗದರಿಸುವುದಿಲ್ಲ. ಹೀಗೆಲ್ಲ ಮಾತಾಡಬಾರದು ಅಂತ ಕಥೆ ಹೇಳಿದವನೂ ತಿದ್ದುವುದಿಲ್ಲ. ನೊವೊಮಿ ದೇವರ ಮೇಲೆ ದೂರು ಹೇಳಿದಳು, ಆದರೆ ದೇವರನ್ನು ಬಿಟ್ಟು ಹೋಗಲಿಲ್ಲ. ಆ ದೂರಿನಲ್ಲೂ ನಂಬಿಕೆ ಇದೆ ಅಂತ ನನ್ನ ಅಭಿಪ್ರಾಯ. ಕೇಳುವವನು ಇದ್ದಾನೆ ಅಂತ ಗೊತ್ತಿರುವವರೇ ದೂರು ಹೇಳುವುದು.

ಹೇಗೆ ಶುರು ಮಾಡುವುದು ಅಂತ ತಿಳಿಯದಿದ್ದರೆ 13ನೇ ಕೀರ್ತನೆ ತೆರೆಯಿರಿ. ಆರೇ ವಚನ. ಮೊದಲ ಎರಡರಲ್ಲಿ ಎಷ್ಟರವರೆಗೆ, ಎಷ್ಟರವರೆಗೆ ಅನ್ನುವ ಪ್ರಶ್ನೆ. ನಡುವಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಭರವಸೆ. ಒಂದು ಸಲ ಗಟ್ಟಿಯಾಗಿ ಓದಿ. ಆಮೇಲೆ ಪುಸ್ತಕ ಮುಚ್ಚಿ ಅದೇ ಮೂರು ಭಾಗವನ್ನು ನಿಮ್ಮ ಮಾತಿನಲ್ಲಿ ಹೇಳಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಮಾತಾಡುವವರಾದರೆ ಅದರಲ್ಲೇ ಹೇಳಿ. ಸಭೆಯಲ್ಲಿ ಪ್ರಾರ್ಥಿಸುವ ಕನ್ನಡ ಬೇರೆ, ಅಳುವಾಗ ಬಾಯಿಗೆ ಬರುವ ಭಾಷೆ ಬೇರೆ. ಮೂರನೇ ಭಾಗ ಇವತ್ತು ಬಾಯಿಗೆ ಬರದಿದ್ದರೆ ಬಲವಂತ ಮಾಡಬೇಡಿ. 88ನೇ ಕೀರ್ತನೆಯೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದೊಳಗೇ ಇದೆ.

ಇಲ್ಲೇ ಒಂದು ಮಾತು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಬದುಕೇ ಬೇಡ ಅನ್ನಿಸುತ್ತಿದೆ ಅಂದರೆ ಅದನ್ನು ನಂಬಿಕೆಯ ಕೊರತೆ ಅಂದುಕೊಳ್ಳಬೇಡಿ. ಪ್ರವಾದಿ ಎಲೀಯ ಸಾಯಬೇಕು ಅಂತ ಗಿಡದ ಕೆಳಗೆ ಮಲಗಿದಾಗ ದೇವರು ಮೊದಲು ಉಪದೇಶ ಮಾಡಲಿಲ್ಲ. ನಿದ್ದೆ ಮಾಡಲು ಬಿಟ್ಟ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಮಾತಾಡಿದ್ದು ಎಷ್ಟೋ ಆಮೇಲೆ. ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಮಾತಾಡಬಹುದು. ಮಾತ್ರೆ ತೆಗೆದುಕೊಳ್ಳುವುದರಿಂದ ಪ್ರಾರ್ಥನೆಗೆ ಅವಮಾನ ಆಗುವುದಿಲ್ಲ.

3. ಹೋಗುವವರನ್ನು ಹರಸಿ ಕಳಿಸಿ, ಉಳಿಯುವವರನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ

ಮೋವಾಬಿನ ದಾರಿಯಲ್ಲಿ ಮೂವರು ಹೆಂಗಸರು ನಿಂತು ಗಟ್ಟಿಯಾಗಿ ಅಳುತ್ತಾರೆ. ನೊವೊಮಿ ಸೊಸೆಯರಿಬ್ಬರಿಗೂ ಮುದ್ದಿಟ್ಟು, ತವರಿಗೆ ಹೋಗಿ ಅನ್ನುತ್ತಾಳೆ. ನಿಮಗೆ ಮತ್ತೆ ಗಂಡ ಸಿಗಲಿ, ನೆಮ್ಮದಿಯ ಮನೆ ಸಿಗಲಿ ಅಂತ ಹರಸುತ್ತಾಳೆ. ಒರ್ಫಾ ಅತ್ತೆಗೆ ಮುತ್ತಿಟ್ಟು ಹೋಗುತ್ತಾಳೆ.

ಒರ್ಫಾಳನ್ನು ಬೈಯುವ ಉಪದೇಶಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಒಪ್ಪುವುದಿಲ್ಲ. ಸತ್ಯವೇದ ಅವಳ ಬಗ್ಗೆ ಒಂದು ಕೆಟ್ಟ ಮಾತೂ ಹೇಳುವುದಿಲ್ಲ. ಮೊದಲು ಅವಳೂ ನಿನ್ನ ಜೊತೆಗೇ ಬರುತ್ತೇವೆ ಅಂದವಳೇ. ಅತ್ತೆ ಮತ್ತೆ ಮತ್ತೆ ಹೇಳಿದ ಮೇಲೆ ಆ ಮಾತು ಕೇಳಿ ಹೋದಳು. ರೂತಳು ಮಾಡಿದ್ದು ಯಾರೂ ಹಕ್ಕಿನಿಂದ ಕೇಳಬಹುದಾದದ್ದಲ್ಲ, ಅವಳಾಗಿ ಕೊಟ್ಟದ್ದು. ಹಾಗೆ ಕೊಡಲಾಗದವರನ್ನು ದೂರುವ ಹಕ್ಕು ನಮಗಿಲ್ಲ.

ನಮ್ಮ ನಂಟುಗಳಲ್ಲೂ ಇಂಥ ದಾರಿ ಒಡೆಯುವ ಜಾಗ ಬರುತ್ತದೆ. ಕಾಲೇಜಿನ ಗೆಳೆಯರು ದೂರವಾಗುತ್ತಾರೆ. ಒಂದೇ ಮನೆಯಲ್ಲಿದ್ದ ಅಣ್ಣತಮ್ಮಂದಿರು ಬೇರೆಯಾಗುತ್ತಾರೆ. ಕಷ್ಟ ಬಂದಾಗ ಯಾರು ನಿಲ್ಲುತ್ತಾರೆ ಅಂತ ಅಂದುಕೊಂಡಿದ್ದೆವೋ ಅವರು ನಿಲ್ಲುವುದಿಲ್ಲ, ಲೆಕ್ಕಕ್ಕೇ ಇಲ್ಲದವರು ಬಂದು ನಿಲ್ಲುತ್ತಾರೆ. ಆಗ ಮಾಡಬಹುದಾದ ಕೆಲವು ಕೆಲಸಗಳಿವೆ.

ಹೋಗುವವರ ಹೆಸರು ಹಿಡಿದು ಪ್ರಾರ್ಥಿಸಿ. ಹಿಂದಿರುಗಿ ಬರಲಿ ಅಂತ ಬೇಡ, ಅವರು ಹೋಗುವ ಕಡೆ ಅವರಿಗೆ ಒಳ್ಳೆಯದಾಗಲಿ ಅಂತ. ಮೊದಮೊದಲು ಗಂಟಲಲ್ಲಿ ಮಾತು ಸಿಕ್ಕಿಕೊಳ್ಳುತ್ತದೆ. ಆದರೂ ಹೇಳಿ. ನೊವೊಮಿ ಸೊಸೆಯರನ್ನು ಹರಸಿದ್ದೂ ಅಳುತ್ತಲೇ.

ದೇವರ ಹೆಸರು ಹೇಳಿ ಯಾರನ್ನೂ ಕಟ್ಟಿಹಾಕಬೇಡಿ. "ನೀನು ನನ್ನ ಜೊತೆಗೇ ಇರಬೇಕು ಅಂತ ದೇವರು ತೋರಿಸಿದ್ದಾನೆ" ಅನ್ನುವ ಮಾತು ಬಹಳ ಅಪಾಯದ್ದು. ದೇವರಿಗೆ ಅದು ಬೇಕಿದ್ದರೆ ಅವರಿಗೂ ತಿಳಿಸುತ್ತಾನೆ. ನೊವೊಮಿ ಎಷ್ಟೇ ಒಂಟಿಯಾದರೂ ಆ ಅಸ್ತ್ರ ಬಳಸಲಿಲ್ಲ. ಹಾಗೆ ಬಿಟ್ಟುಕೊಟ್ಟಿದ್ದರಿಂದಲೇ ರೂತಳ ಮಾತಿಗೆ ಅಷ್ಟು ತೂಕ. ನೀನು ಹೋದಲ್ಲಿಗೆ ನಾನೂ ಬರುವೆ, ನಿನ್ನ ದೇವರೇ ನನ್ನ ದೇವರು ಅಂದಳಲ್ಲ, ಅದನ್ನು ಮದುವೆಗಳಲ್ಲಿ ಓದುವುದುಂಟು. ಅದನ್ನು ಹೇಳಿದ್ದು ಒಬ್ಬ ಸೊಸೆ ತನ್ನ ಅತ್ತೆಗೆ. ಅತ್ತೆ ಸೊಸೆ ಅಂದ ಕೂಡಲೇ ಜಗಳದ ಕಥೆ ಹೇಳುವ ನಮಗೆ ಇದು ಗೊತ್ತಿರಬೇಕು.

ಮುರಿದ ನಂಟನ್ನು ಪೂರ್ತಿ ಮುಗಿಯಿತು ಅಂತ ಬೇಗ ಬರೆದುಬಿಡಬೇಡಿ. ಅಪೊಸ್ತಲರಾದ ಪೌಲ ಮತ್ತು ಬಾರ್ನಬ ವರ್ಷಗಟ್ಟಲೆ ಸುವಾರ್ತೆ ಸಾರುತ್ತಾ ಜೊತೆಗೆ ದುಡಿದವರು. ಸಹಾಯಕ್ಕಿದ್ದ ಮಾರ್ಕನನ್ನು ಕರೆದುಕೊಂಡು ಹೋಗಬೇಕೋ ಬೇಡವೋ ಅಂತ ಜಗಳವಾಡಿ ಬೇರೆ ಬೇರೆ ದಾರಿ ಹಿಡಿದರು. ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯ ಅದನ್ನು ಮುಚ್ಚಿಡದೆ ಹೇಳುತ್ತದೆ. ಆಮೇಲೆ ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯೋಗಕ್ಕೆ ಬರುತ್ತಾನೆ ಅನ್ನುವ ಮಾತಿದೆ. ನಡುವೆ ಏನಾಯಿತೋ ಬರೆದಿಲ್ಲ. ಬಾಗಿಲಿಗೆ ಬೀಗ ಹಾಕಿರಲಿಲ್ಲ ಅನ್ನುವುದಂತೂ ಕಾಣುತ್ತದೆ.

ಇದರ ಜೊತೆಗೇ ಇನ್ನೊಂದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಮನೆಯಲ್ಲಿ ಹೊಡೆತ, ಬೆದರಿಕೆ ನಡೆಯುತ್ತಿದ್ದರೆ ಅದು ತಾಳಿಕೊಳ್ಳಬೇಕಾದ ಕಾಲವಲ್ಲ. ಬೋವಜ ತನ್ನ ಆಳುಗಳಿಗೆ ರೂತಳನ್ನು ಮುಟ್ಟಬೇಡಿ ಅಂತ ಹೇಳಿದ. ಬೇರೆ ಹೊಲಕ್ಕೆ ಹೋದರೆ ಯಾರಾದರೂ ಕಾಟ ಕೊಟ್ಟಾರು, ಇಲ್ಲೇ ಇರು ಅಂತ ನೊವೊಮಿ ಎಚ್ಚರಿಸಿದಳು. ಅವಳ ಸುರಕ್ಷತೆಯೂ ದೇವರ ನಡೆಸುವಿಕೆಯ ಭಾಗವೇ ಆಗಿತ್ತು. ಮಹಿಳಾ ಸಹಾಯವಾಣಿ 181, ತುರ್ತು ಕರೆ 112. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಕ್ಷಮೆ, ರಾಜಿಯ ಮಾತು ಆಮೇಲೆ.

4. ಕಣ್ಣೆದುರಿಗಿರುವ ಒಂದು ಕೆಲಸಕ್ಕೆ ಕೈಹಾಕಿ

ಊರಿಗೆ ಬಂದದ್ದು ಜವೆಗೋಧಿ ಸುಗ್ಗಿಯ ಶುರುವಿನಲ್ಲಿ. ಮನೆಯಲ್ಲಿ ಕಾಳಿಲ್ಲ. ರೂತಳು ಅತ್ತೆಯನ್ನು ಕೇಳುತ್ತಾಳೆ, ಯಾರದಾದರೂ ಹೊಲಕ್ಕೆ ಹೋಗಿ ಹಕ್ಕಲಾಯಲೇ ಅಂತ. ಹೋಗು ಮಗಳೇ ಅನ್ನುತ್ತಾಳೆ ನೊವೊಮಿ. ಅಷ್ಟೇ. ಯಾವ ಹೊಲಕ್ಕೆ ಹೋಗಲಿ ಅಂತ ಮೂರು ದಿನ ಉಪವಾಸ ಕೂರಲಿಲ್ಲ. ಸುಗ್ಗಿ ಕಾಯುವುದಿಲ್ಲವಲ್ಲ.

ಹಕ್ಕಲು ಅಂದರೆ ಏನು ಅಂತ ನಮ್ಮ ಬಯಲುಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಕೊಯ್ಲಾದ ಮೇಲೆ ಬಿದ್ದ ತೆನೆ ಆಯುವುದು. ಇಸ್ರಾಯೇಲಿನಲ್ಲಿ ಅದು ಬಡವರ ಹಕ್ಕಾಗಿತ್ತು. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆ ಆರಿಸಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಇದೆ. ಧರ್ಮೋಪದೇಶಕಾಂಡದ 24ನೇ ಅಧ್ಯಾಯ ವಿಧವೆಯರನ್ನೂ ಸೇರಿಸುತ್ತದೆ. ಅಂದರೆ ರೂತಳು ಹುಟ್ಟುವ ಎಷ್ಟೋ ಮುಂಚೆಯೇ ಅವಳಿಗಾಗಿ ಹೊಲದ ಅಂಚಿನಲ್ಲಿ ತೆನೆ ಉಳಿಸಿಟ್ಟಾಗಿತ್ತು. ಅವಳು ಹೋಗಿ ಆಯಬೇಕಿತ್ತು. ಅವಳು ಹೋದ ಭಾಗ ಅಕಸ್ಮಾತ್ತಾಗಿ ಬೋವಜನದು ಅಂತ ಕಥೆ ಹೇಳುತ್ತದೆ. ಅವಳ ಮಟ್ಟಿಗೆ ಅದು ಅಕಸ್ಮಾತ್ತೇ. ಹೊಲಕ್ಕೆ ಹೆಜ್ಜೆ ಇಟ್ಟಾಗ ಅದು ಯಾರ ಹೊಲ ಅಂತಲೂ ಗೊತ್ತಿರಲಿಲ್ಲ.

ಆ ದಿನವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೆಳಿಗ್ಗೆಯಿಂದ ನಿಂತೇ ಕೆಲಸ. ಊಟದ ಹೊತ್ತಿಗೆ ಬೋವಜ ಕರೆಯುತ್ತಾನೆ, ಬಾ, ರೊಟ್ಟಿ ತಿನ್ನು, ತುತ್ತನ್ನು ಹುಳಿರಸದಲ್ಲಿ ಅದ್ದಿಕೋ ಅಂತ. ಕೊಯ್ಯುವವರ ಪಕ್ಕದಲ್ಲಿ ಕೂರುತ್ತಾಳೆ. ಅವನೇ ಹುರಿದ ಕಾಳು ಎತ್ತಿಕೊಡುತ್ತಾನೆ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಸೀತನಿ (ಹುರಿದ ಎಳೆ ಜೋಳ) ಹಂಚಿಕೊಂಡು ತಿನ್ನುವ ಹಾಗೆ. ಹೊಟ್ಟೆ ತುಂಬ ತಿಂದು, ಮಿಕ್ಕದ್ದನ್ನು ತೆಗೆದಿಡುತ್ತಾಳೆ. ಸಂಜೆ ಆಯ್ದದ್ದನ್ನು ಬಡಿದರೆ ಒಂದು ಏಫಾದಷ್ಟು ಕಾಳು, ಸುಮಾರು 22 ಲೀಟರ್. ಅದನ್ನು ಹೊತ್ತು ಮನೆಗೆ ಬಂದು ಅತ್ತೆಗೆ ತೋರಿಸುತ್ತಾಳೆ. ತೆಗೆದಿಟ್ಟಿದ್ದ ಹುರಿದ ಕಾಳನ್ನೂ ಕೊಡುತ್ತಾಳೆ. ನೊವೊಮಿಯ ಬಾಯಿಂದ ದೇವರಿಗೆ ಒಳ್ಳೆಯ ಮಾತು ಬಂದದ್ದು ಆಗಲೇ. ದೇವರು ಇನ್ನೂ ನಮ್ಮ ಮೇಲಿನ ದಯೆ ಬಿಟ್ಟಿಲ್ಲ ಅಂತ ಅವಳಿಗೆ ಗೊತ್ತಾದದ್ದು ಒಂದು ಊಟದಿಂದ, ಒಂದು ಹೊರೆ ಕಾಳಿನಿಂದ.

ನೀವು ಮಾಡಬೇಕಾದದ್ದು ಇದು. ಈ ವಾರ ಮಾಡಬಹುದಾದ, ಒಳ್ಳೆಯದು ಅಂತ ಯಾವ ಗುರುತೂ ಇಲ್ಲದೆಯೇ ಗೊತ್ತಿರುವ ಒಂದು ಕೆಲಸ ಆರಿಸಿ. ಕೆಲಸ ಹೋದವರು ಇಬ್ಬರು ಹಳೆಯ ಸಹೋದ್ಯೋಗಿಗಳಿಗೆ ಫೋನ್ ಮಾಡಬಹುದು. ಮಕ್ಕಳು ದೂರ ಹೋದವರು ಪಕ್ಕದ ಮನೆಯ ಹುಡುಗನಿಗೆ ಪಾಠ ಹೇಳಿಕೊಡಬಹುದು. ಜೊತೆಗಾರರನ್ನು ಕಳೆದುಕೊಂಡವರು ದಿನಕ್ಕೆ ಒಂದು ಹೊತ್ತಾದರೂ ಒಲೆ ಹಚ್ಚಿ ಅಡುಗೆ ಮಾಡಿಕೊಳ್ಳಬಹುದು. ಸಹಾಯ ಕೇಳುವುದೂ ಕೆಲಸವೇ. ಹಕ್ಕಲಾಯುವುದಕ್ಕೂ ನಾಚಿಕೆ ಬಿಡಬೇಕು. ಮುಂದಿನ ಐದು ವರ್ಷದ ನಕ್ಷೆ ದೇವರು ಕೊಡಲಿ ಅಂತ ಕಾಯುತ್ತಾ ಕೂತರೆ ಈ ವಾರದ ತೆನೆ ಬೇರೆಯವರ ಪಾಲಾಗುತ್ತದೆ.

5. ಬಂದ ಸಲಹೆಯನ್ನು, ಬಂದ ಗುರುತನ್ನು ಪರೀಕ್ಷಿಸಿ

ಮೂರನೇ ಅಧ್ಯಾಯದಲ್ಲಿ ನೊವೊಮಿ ಒಂದು ಧೈರ್ಯದ ಸಲಹೆ ಕೊಡುತ್ತಾಳೆ. ರಾತ್ರಿ ಬೋವಜ ಕಣದಲ್ಲಿ ರಾಶಿಯ ಪಕ್ಕ ಮಲಗುತ್ತಾನೆ, ಅಲ್ಲಿಗೆ ಹೋಗು, ಏನು ಮಾಡಬೇಕು ಅಂತ ಅವನೇ ಹೇಳುತ್ತಾನೆ ಅಂತ. ರೂತಳು ಹೋಗುತ್ತಾಳೆ. ಆದರೆ ಅವನು ಹೇಳುವವರೆಗೆ ಕಾಯುವುದಿಲ್ಲ. ನೀನು ನಮ್ಮ ಹತ್ತಿರದ ನೆಂಟ, ನನ್ನನ್ನು ಮದುವೆಯಾಗು ಅಂತ ತಾನೇ ಕೇಳುತ್ತಾಳೆ. ಹಿರಿಯರ ಮಾತು ಕೇಳಿದಳು, ತನ್ನ ಬುದ್ಧಿಯನ್ನೂ ಮನೆಯಲ್ಲಿ ಬಿಟ್ಟು ಹೋಗಲಿಲ್ಲ. ಬೋವಜನಿಗೂ ಮನಸ್ಸಿತ್ತು. ಆದರೂ ನನಗಿಂತ ಹತ್ತಿರದ ನೆಂಟ ಇನ್ನೊಬ್ಬನಿದ್ದಾನೆ, ಸತ್ತವನ ಹೊಲ ಬಿಡಿಸಿಕೊಂಡು ಅವನ ವಿಧವೆಯ ಕೈಹಿಡಿಯುವ ಮೊದಲ ಹಕ್ಕು ಅವನದು ಅಂತ ಮುಚ್ಚಿಡದೆ ಹೇಳಿದ.

ನನಗೆ ಸಲಹೆಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಕ್ಕಿಲ್ಲ. ಇದು ದೇವರ ದಾರಿ ಅಂತ ಅನ್ನಿಸಿದಾಗ ಕೇಳಿಕೊಳ್ಳಿ: ಇದನ್ನು ಹಗಲಿನಲ್ಲಿ, ಸಂಬಂಧಪಟ್ಟವರ ಮುಂದೆ ಹೇಳಬಲ್ಲೆನಾ? ಯಾರ ಹಕ್ಕನ್ನಾದರೂ ದಾಟಿಕೊಂಡು ಹೋಗುತ್ತಿದ್ದೇನಾ? ಇದರಿಂದ ನನಗಿಂತ ದುರ್ಬಲರಾದವರಿಗೆ ಏಟು ಬೀಳುತ್ತದಾ? ಬೇಡ ಅಂತ ನನ್ನ ಮುಖಕ್ಕೆ ಹೇಳುವ ಧೈರ್ಯವಿರುವ ಒಬ್ಬರನ್ನಾದರೂ ಕೇಳಿದ್ದೇನಾ? ಹೌದು ಅನ್ನುವವರನ್ನೇ ಹುಡುಕಿ ಕೇಳುವುದು ಸಲಹೆ ಕೇಳಿದ ಹಾಗಲ್ಲ.

ಗುರುತುಗಳ ಬಗ್ಗೆಯೂ ಎರಡು ಮಾತು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಒಂದೊಂದು ವಚನ ಬರೆದ ವಾಗ್ದಾನದ ಕಾರ್ಡ್ ಎತ್ತುವ ರೂಢಿ ನಮ್ಮ ಎಷ್ಟೋ ಸಭೆಗಳಲ್ಲಿದೆ. ಒಳ್ಳೆಯದೇ. ಆ ವಚನವನ್ನು ವರ್ಷವಿಡೀ ಪ್ರಾರ್ಥನೆಗೆ ಇಟ್ಟುಕೊಳ್ಳಿ. ಅದರಿಂದ ಮಗಳ ಮದುವೆ ಈ ವರ್ಷವೇ ಆಗುತ್ತದೆ ಅಂತ ಲೆಕ್ಕ ತೆಗೆಯಬೇಡಿ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಚನವೇ ಉತ್ತರ ಅನ್ನುವುದನ್ನು ಬಿಟ್ಟುಬಿಡಿ. ಇಡೀ ಅಧ್ಯಾಯ ಓದಿ. ಯುದ್ಧಕ್ಕೆ ಹೊರಡುವ ಮುಂಚೆ ಗಿದ್ಯೋನ ಉಣ್ಣೆಯ ತುಪ್ಪಟ ಇಟ್ಟು, ಅದು ಮಾತ್ರ ಇಬ್ಬನಿಗೆ ನೆನೆಯಲಿ ಅಂತ ದೇವರನ್ನು ಪರೀಕ್ಷೆ ಮಾಡಲಿಲ್ಲವಾ ಅಂತ ಕೇಳುವವರಿದ್ದಾರೆ. ಮಾಡಿದ. ಆದರೆ ದೇವರು ಅವನಿಗೆ ಏನು ಮಾಡಬೇಕು ಅಂತ ಆಗಲೇ ಹೇಳಿಯಾಗಿತ್ತು. ತುಪ್ಪಟ ಬೇಕಾದದ್ದು ಅವನ ಹೆದರಿಕೆಗೆ. ದೇವರು ಆ ಹೆದರಿಕೆಯನ್ನು ತಾಳಿಕೊಂಡ, ಎಲ್ಲರೂ ಹೀಗೇ ಮಾಡಿ ಅಂತ ಹೇಳಲಿಲ್ಲ.

ನಿಮ್ಮ ವಿಷಯದಲ್ಲಿ ದೇವರು ನನಗೆ ಹೇಳಿದ್ದಾನೆ ಅಂತ ಯಾರಾದರೂ ಬಂದು, ಜೊತೆಗೇ ಹಣವನ್ನೋ ಗುಟ್ಟನ್ನೋ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಬಾಗಿಲು ಮುಚ್ಚಿಕೊಂಡರೆ? ಅದೂ ದಾರಿ ತೋರಿಸುವುದೇ. ಪೌಲ ಏಷ್ಯ ಸೀಮೆಯಲ್ಲಿ (ಈಗಿನ ಟರ್ಕಿಯ ಪಶ್ಚಿಮ ಭಾಗ) ಸಾರಬೇಕು ಅಂದುಕೊಂಡ, ಆಗಲಿಲ್ಲ. ಬಿಥೂನ್ಯಕ್ಕೆ ಹೊರಟ, ಅದೂ ಆಗಲಿಲ್ಲ. ಎರಡೂ ಕಡೆ ತಡೆ ಬಿದ್ದು ಸಮುದ್ರದ ದಡದ ತ್ರೋವಕ್ಕೆ ಬಂದು ನಿಂತ ಮೇಲೆಯೇ ಮಕೆದೋನ್ಯದ ಕರೆ ಬಂದದ್ದು. ಅವನು ನಡೆಯುವುದನ್ನು ನಿಲ್ಲಿಸಿರಲಿಲ್ಲ ಅನ್ನುವುದನ್ನೂ ಗಮನಿಸಿ.

6. ನಿಮ್ಮ ಪಾಲಿನದು ಮುಗಿದ ಮೇಲೆ ಕೂತುಕೊಳ್ಳಿ

ಕಣದಿಂದ ಆರು ಅಳತೆ ಜವೆಗೋಧಿ ಹೊತ್ತು ಬಂದ ರೂತಳಿಗೆ ನೊವೊಮಿ ಹೇಳುವುದು ಇಷ್ಟೇ: ಇದು ಏನಾಗುತ್ತದೆ ಅಂತ ತಿಳಿಯುವವರೆಗೆ ಸುಮ್ಮನಿರು ಮಗಳೇ. ಆಮೇಲೆ ಆ ಇಬ್ಬರೂ ಮಾಡಬಹುದಾದದ್ದು ಏನೂ ಇರಲಿಲ್ಲ. ವಿಷಯ ಬೇರೆಯವರ ಕೈಯಲ್ಲಿತ್ತು.

ಅರ್ಜಿ ಹಾಕಿ ಆಗಿದೆ, ಕ್ಷಮೆ ಕೇಳಿ ಆಗಿದೆ, ಆಪರೇಷನ್ ಮುಗಿದಿದೆ. ಇನ್ನು ಫೋನ್ ಮತ್ತೆ ಮತ್ತೆ ನೋಡುವುದರಿಂದ ಏನೂ ಬದಲಾಗುವುದಿಲ್ಲ. ಕಾಯುವ ದಿನಗಳಿಗೆ ಒಂದು ಕ್ರಮ ಇಟ್ಟುಕೊಳ್ಳಿ. ಬೆಳಿಗ್ಗೆ ಒಂದು ಕೀರ್ತನೆ, ಆ ವಿಷಯಕ್ಕೆ ಒಂದೇ ಒಂದು ಪ್ರಾರ್ಥನೆ, ಆಮೇಲೆ ದಿನದ ಕೆಲಸ. ನಡುವೆ ಚಿಂತೆ ಬಂದರೆ "ಇದನ್ನು ಬೆಳಿಗ್ಗೆಯೇ ನಿನ್ನ ಕೈಗೆ ಕೊಟ್ಟಿದ್ದೇನೆ" ಅಂತ ಹೇಳಿ ಮುಂದಕ್ಕೆ ಹೋಗಿ. ದಿನಕ್ಕೆ ಹತ್ತು ಸಲ ಹೇಳಬೇಕಾಗಿ ಬಂದರೂ ಹೇಳಿ.

7. ಊರಬಾಗಿಲಿಗೆ ಹೋಗಿ

ನಂಬಿಕೆಯ ಬಗ್ಗೆ ಬರೆಯುವವರು ಇದನ್ನು ಬರೆಯುವುದು ಕಡಿಮೆ. ಬೋವಜ ಬೆಳಿಗ್ಗೆ ಎದ್ದು, ಊರಿನ ವ್ಯವಹಾರ ತೀರ್ಮಾನವಾಗುತ್ತಿದ್ದ ಊರಬಾಗಿಲಿಗೆ ಹೋದ. ಆ ನೆಂಟನನ್ನು ಕರೆದು ಕೂರಿಸಿದ. ಹತ್ತು ಮಂದಿ ಹಿರಿಯರನ್ನು ಸಾಕ್ಷಿಗೆ ಕೂರಿಸಿದ. ಎಲೀಮೆಲೆಕನ ಹೊಲದ ವಿಷಯ, ರೂತಳ ವಿಷಯ ಎರಡನ್ನೂ ಬಿಚ್ಚಿಟ್ಟ. ಆ ನೆಂಟ ತನ್ನ ಆಸ್ತಿಗೆ ತೊಂದರೆಯಾದೀತು ಅಂತ ಹಿಂದೆ ಸರಿದು, ಆ ಕಾಲದ ರೂಢಿಯಂತೆ ಹಕ್ಕು ಬಿಟ್ಟದ್ದರ ಗುರುತಾಗಿ ಕೆರ ತೆಗೆದುಕೊಟ್ಟ. ಎಲ್ಲರೂ ನಾವು ಸಾಕ್ಷಿ ಅಂದರು. ಈಗಿನ ಮಾತಿನಲ್ಲಿ ರಿಜಿಸ್ಟರ್ ಆಯಿತು.

ಕಾಲ ಬದಲಾದಾಗ ಕಾಗದಪತ್ರವೂ ಬದಲಾಗಬೇಕು. ದೇವರು ನೋಡಿಕೊಳ್ಳುತ್ತಾನೆ ಅಂತ ಉಯಿಲು ಬರೆಯದೆ ಹೋದವರ ಮಕ್ಕಳು ಸಮಾಧಿಯ ಮಣ್ಣು ಆರುವ ಮೊದಲೇ ಕೋರ್ಟಿಗೆ ಹೋದದ್ದನ್ನು ನೋಡಿದ್ದೇವೆ. ಉಯಿಲು ಇಲ್ಲದೆ ತೀರಿಕೊಂಡ ಕ್ರೈಸ್ತರ ಆಸ್ತಿಗೆ ಸಾಮಾನ್ಯವಾಗಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ. ಅದರಂತೆ ಮಕ್ಕಳಿದ್ದಾಗ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ಗಂಡು ಹೆಣ್ಣು ಅಂತ ಭೇದವಿಲ್ಲದೆ ಸಮಪಾಲು. ಮದುವೆಯಾಗಿ ಹೋದ ಮಗಳಿಗೆ ಪಾಲಿಲ್ಲ ಅನ್ನುವುದು ಕಾನೂನೂ ಅಲ್ಲ, ಸುವಾರ್ತೆಯೂ ಅಲ್ಲ. ಒಂದು ದಿನ ಕೂತು ಬ್ಯಾಂಕ್ ಖಾತೆ, ವಿಮೆ, ಪಿಎಫ್, ಮನೆಪತ್ರ, ಇವುಗಳಲ್ಲಿ ಯಾರ ಹೆಸರಿದೆ ಅಂತ ನೋಡಿ. ಉಯಿಲು ಬರೆದು ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ಸಹಿ ಅವರದೂ ಇರಲಿ. ಸಾಕ್ಷಿಗಳು ಪಾಲುದಾರರಾಗಿರದಂತೆ ನೋಡಿಕೊಳ್ಳಿ. ಅದಕ್ಕೂ ಮೊದಲು ಪ್ರಾರ್ಥಿಸಿ. ಎರಡೂ ಒಂದೇ ಮೇಜಿನ ಮೇಲೆ ನಡೆಯಲಿ.

8. ದಾಖಲೆ ಇಡಿ, ಆದರೆ ಲೆಕ್ಕ ಸರಿಹೋಯಿತು ಅನ್ನಬೇಡಿ

ನಮ್ಮ ಹಿರಿಯರು ಮನೆಯ ಸತ್ಯವೇದದ ಮೊದಲ ಖಾಲಿ ಪುಟದಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಬರೆದಿಡುತ್ತಿದ್ದರು. ನಮ್ಮ ಅಜ್ಜಿಯ ಪುಸ್ತಕದಲ್ಲಿ ಎರಡು ಹೆಸರಿನ ಮುಂದೆ ಹುಟ್ಟಿದ ದಿನವೂ ಸತ್ತ ದಿನವೂ ಒಂದೇ ತಿಂಗಳಿನದು. ಅದರ ಕೆಳಗೇ ಮುಂದಿನ ಮಗುವಿನ ಹೆಸರು, ಅದೇ ನೀಲಿ ಶಾಯಿಯಲ್ಲಿ. ಯಾವುದನ್ನೂ ಅಳಿಸಿಲ್ಲ. ನಿಮ್ಮ ನೋಟ್‌ಬುಕ್ಕೂ ಹಾಗಿರಲಿ. ವಾರಕ್ಕೊಮ್ಮೆ ಮೂರು ವಿಷಯ ಬರೆಯಿರಿ: ಏನು ಕೇಳಿದೆ, ಏನು ಮಾಡಿದೆ, ಏನು ಬಂತು. ಏನೂ ಬರಲಿಲ್ಲ ಅಂದರೆ ಅದನ್ನೂ ಬರೆಯಿರಿ. ಆರು ತಿಂಗಳಾದ ಮೇಲೆ ಒಟ್ಟಿಗೆ ಓದಿ. ಆ ವಾರಗಳಲ್ಲಿ ಕಾಣದ ದಾರಿ ಅಲ್ಲಿ ಅಷ್ಟಿಷ್ಟು ಕಾಣುತ್ತದೆ.

ಒಂದು ಎಚ್ಚರಿಕೆ. ಓಬೇದ ಹುಟ್ಟಿದಾಗ ನೆರೆಯ ಹೆಂಗಸರು ನೊವೊಮಿಗೆ ಹೇಳಿದರು, ನಿನ್ನ ಸೊಸೆ ಏಳು ಗಂಡುಮಕ್ಕಳಿಗಿಂತ ಹೆಚ್ಚು ಅಂತ. ನೊವೊಮಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಸಾಕಿದಳು. ಆದರೆ ಸತ್ತ ಗಂಡ, ಮಕ್ಕಳು ಹಿಂದಿರುಗಿ ಬರಲಿಲ್ಲ. ಅವರ ಜಾಗಕ್ಕೆ ಇವನು ಬಂದ ಅಂತ ಯಾರೂ ಹೇಳಲಿಲ್ಲ. ಹಾಗಾಗಿ ಸಾವಿನ ಮನೆಗೆ ಹೋಗಿ "ಎಲ್ಲ ಒಳ್ಳೆಯದಕ್ಕೇ" ಅನ್ನಬೇಡಿ. ಊಟ ತೆಗೆದುಕೊಂಡು ಹೋಗಿ. ರೂತಳು ಮಾಡಿದ್ದೂ ಅದನ್ನೇ. ಅವಳು ಮಾಡಿದ್ದು ಎಲ್ಲಿಗೆ ಮುಟ್ಟಿತು ಅನ್ನುವುದು ಅವಳಿಗೂ ತಿಳಿದಿರಲಿಲ್ಲ. ಮತ್ತಾಯನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ, ಯೇಸುವಿನ ವಂಶಾವಳಿಯಲ್ಲಿ ಬರುವ ಐವರು ಹೆಂಗಸರಲ್ಲಿ ಪರದೇಶದ ಈ ಸೊಸೆಯೂ ಒಬ್ಬಳು.

ಇದನ್ನು ನಾಲ್ಕು ವಾರದಲ್ಲಿ ಮಾಡುವುದಾದರೆ

ಒಬ್ಬರೇ ಮಾಡಬಹುದು. ಮೂರು ನಾಲ್ಕು ಜನ ಸೇರಿದರೆ ಇನ್ನೂ ಒಳ್ಳೆಯದು. ವಾರಕ್ಕೆ ಒಂದು ಅಧ್ಯಾಯ, ಗಟ್ಟಿಯಾಗಿ ಓದಿ. ಮೊದಲ ವಾರ ಒಂದರಿಂದ ಮೂರನೇ ಹಂತ. ಇದಕ್ಕೆ ಜಾಸ್ತಿ ಹೊತ್ತು ಬೇಕು, ಎರಡು ವಾರವಾದರೂ ಆಗಲಿ. ಎರಡನೇ ಅಧ್ಯಾಯದ ವಾರ ಪ್ರತಿಯೊಬ್ಬರೂ ಒಂದು ಕೆಲಸ ಆರಿಸಿ, ಮುಂದಿನ ವಾರ ಏನಾಯಿತು ಅಂತ ಹೇಳಿ. ಮೂರನೆಯದರಲ್ಲಿ ಕೈಯಲ್ಲಿರುವ ಒಂದು ನಿರ್ಧಾರವನ್ನು ಐದನೇ ಹಂತದ ಆ ನಾಲ್ಕು ಪ್ರಶ್ನೆಗಳ ಮುಂದೆ ಇಟ್ಟು ನೋಡಿ. ನಾಲ್ಕನೆಯದರಲ್ಲಿ ಕಾಗದಪತ್ರ ತೆಗೆಯಿರಿ. ಯಾರ ನೋಟ್‌ಬುಕ್ಕನ್ನೂ ಓದಿ ಹೇಳಿ ಅಂತ ಒತ್ತಾಯ ಮಾಡಬೇಡಿ. ಹೊಸದಾಗಿ ದುಃಖಕ್ಕೆ ಬಿದ್ದವರು ಗುಂಪಿನಲ್ಲಿದ್ದರೆ ಸುಮ್ಮನೆ ಕೂತಿರಲು ಬಿಡಿ. ಅವರಿಗೆ ಮಾತು ಬಂದ ದಿನ ಓದನ್ನು ಅಲ್ಲಿಗೇ ನಿಲ್ಲಿಸಿ ಅವರ ಮಾತು ಕೇಳಿ.